ಗ್ಯಾಪಣ್ಣನ ಹೊಟ್ಟೆಪಾಡು

ಕೋಲ್ಕತ್ತಾದ ಸಡರ್ ಸ್ಟ್ರೀಟಿಗೆ ಮಳೆಗಾಲ ಮುಗಿಯುತ್ತಿದ್ದಂತೆ ಗ್ಯಾಪಣ್ಣ ಬರುತ್ತಾನೆ. ಹೆಸರು ಬೇರೆ, ಊರು ಬೇರೆ. ಆಳು ಮಾತ್ರ ಅದೇ. ವಯಸ್ಸು ಹದಿನೆಂಟೋ ಹತ್ತೊಂಬತ್ತೋ, ಮೈಬಣ್ಣ ಬೇಯಿಸಿದ ಸೀಗಡಿಯದು, ಬೆನ್ನ ಮೇಲೆ ತಲೆಗಿಂತ ಎತ್ತರದ ಚೀಲ. ಶಾಲೆ ಮುಗಿದಿದೆ, ಕಾಲೇಜು ಶುರುವಾಗಿಲ್ಲ. ನಡುವಿನ ಒಂದು ವರ್ಷವನ್ನು, ಅವರ ಮಾತಿನಲ್ಲಿ ‘ಗ್ಯಾಪ್ ಇಯರ್’ ಅನ್ನು, ದೇವರ ಕೆಲಸಕ್ಕೆ ಬರೆದುಕೊಟ್ಟಿದ್ದಾನೆ. ಅವನ ಚರ್ಚಿನವರು ಕೇಕು ಮಾರಿ, ಕಾರು ತೊಳೆದು ವಿಮಾನದ ಟಿಕೆಟ್ಟಿಗೆ ದುಡ್ಡು ಕೂಡಿಸಿದ್ದಾರೆ. ನಮ್ಮಲ್ಲಿ ಪಿಯುಸಿ ಆದಮೇಲೆ ಹುಡುಗ ಒಂದು ವರ್ಷ ಸುಮ್ಮನಿದ್ದರೆ ನೆಂಟರೆಲ್ಲ ದನಿ ತಗ್ಗಿಸಿ ‘ಸಿಇಟಿ ಹೋಯ್ತಂತಾ?’ ಎನ್ನುತ್ತಾರೆ. ಅವರಲ್ಲಿ ಅದಕ್ಕೆ ಬೀಳ್ಕೊಡುಗೆ ಸಮಾರಂಭ!

ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಈ ಊರಿಗೆ ಬಂದವನು. ನನ್ನನ್ನು ದೇವರು ಕರೆಯಲಿಲ್ಲ, ಹೆಡ್ಡಾಫೀಸು ಕಳಿಸಿತು. ಹಾಗಾಗಿ ಕರೆ ಬಂದವರನ್ನು ಕಂಡರೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚು.

ಮೊದಮೊದಲು ಗ್ಯಾಪಣ್ಣನಿಗೆ ಎಲ್ಲವೂ ದೈವಸಂಕಲ್ಪ. ಟ್ರಾಮು ತಪ್ಪಿದರೆ ಅದರಲ್ಲೊಂದು ಸಂದೇಶ, ಸಿಕ್ಕಿದರೆ ಇನ್ನೊಂದು. ರಸ್ತೆಯಲ್ಲಿ ಕಂಕುಳಲ್ಲಿ ಕೂಸು ಹೊತ್ತ ಹೆಂಗಸು ‘ದುಡ್ಡು ಬೇಡ, ಹಾಲಿನ ಪುಡಿ ಕೊಡಿಸು’ ಎಂದಾಗ ಅವನ ಕಣ್ಣು ತುಂಬುತ್ತದೆ. ಅತಿ ದೊಡ್ಡ ಡಬ್ಬಿಯನ್ನೇ ಕೊಡಿಸುತ್ತಾನೆ. ಸಂಜೆ ಅದೇ ಡಬ್ಬಿ ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಕೂತು ಮುಂದಿನ ಗ್ಯಾಪಣ್ಣನನ್ನು ಕಾಯುತ್ತಿರುತ್ತದೆ.

ಆಮೇಲೆ ಸೇವೆ. ಎ.ಜೆ.ಸಿ. ಬೋಸ್ ರಸ್ತೆಯ ಮದರ್ ಹೌಸಿನಲ್ಲಿ ಬೆಳಗಿನ ಆರು ಗಂಟೆಯ ಪೂಜೆ, ಅದರ ಹಿಂದೆಯೇ ಬ್ರೆಡ್ಡು, ಬಾಳೆಹಣ್ಣು, ಚಹಾ. ಅಲ್ಲಿಂದ ಕಾಳಿಘಾಟು. 1952ರಲ್ಲಿ ಮದರ್ ತೆರೇಸಾ ಕಾಳಿ ದೇವಸ್ಥಾನದ ಪಕ್ಕದಲ್ಲೇ ತೆರೆದ ನಿರ್ಮಲ ಹೃದಯ ಇರುವುದು ಅಲ್ಲಿ. ಸಾಯುವವರ ಕೈ ಹಿಡಿದು ಕೂರುವ ತನ್ನ ಚಿತ್ರವನ್ನು ಗ್ಯಾಪಣ್ಣ ಮನಸ್ಸಿನಲ್ಲಿ ಬರೆದುಕೊಂಡೇ ಬಂದಿರುತ್ತಾನೆ. ಸಿಸ್ಟರ್ ಒಮ್ಮೆ ಅವನ ತೋಳು ನೋಡುತ್ತಾರೆ, ಬಟ್ಟೆ ಒಗೆಯುವ ಕಡೆ ಬೆರಳು ತೋರುತ್ತಾರೆ. ವಾಷಿಂಗ್ ಮಷಿನ್ನಿನ ಮಾತೇ ಇಲ್ಲ, ಎಲ್ಲ ಕೈಯಲ್ಲೇ. ಮನೆಯಲ್ಲಿ ತನ್ನ ಕಾಲುಚೀಲ ಯಾರು ಒಗೆಯುತ್ತಾರೆಂದು ಕೂಡ ವಿಚಾರಿಸದ ಹುಡುಗ ನೆನೆದ ಕಂಬಳಿಯ ಒಂದು ತುದಿ ಹಿಡಿಯುತ್ತಾನೆ. ಇನ್ನೊಂದು ತುದಿಯಲ್ಲಿ ಅರವತ್ತು ದಾಟಿದ ಜಪಾನಿ ಅಜ್ಜಿ. ಆಕೆ ತಿರುಚುತ್ತಾಳೆ, ಕಂಬಳಿಯ ಜೊತೆ ಗ್ಯಾಪಣ್ಣನೂ ತಿರುಗುತ್ತಾನೆ.

ಇಷ್ಟಾದರೂ ಅವನು ಆತ್ಮದ ವಿಚಾರ ಬಿಟ್ಟವನಲ್ಲ. ಚಹಾದಂಗಡಿಯಲ್ಲಿ ಕೂತು ಶುರು ಮಾಡುತ್ತಾನೆ. ಬಂಗಾಳಿಗಳು ಮರ್ಯಾದಸ್ಥರು, ಕೇಳುತ್ತಾರೆ. ಮುಗಿದ ಮೇಲೆ ತಮ್ಮ ಪ್ರಶ್ನೆ ಇಡುತ್ತಾರೆ: ‘ಪೇಟ್ ಠೀಕ್ ಆಛೇ ತೋ?’ ಹೊಟ್ಟೆ ಸರಿಯಾಗಿದೆ ತಾನೆ? ಸರಿಯಾಗಿರುವುದಿಲ್ಲ. ಫುಚ್ಕಾ, ಅಂದರೆ ಇಲ್ಲಿನ ಪಾನಿಪುರಿ, ತಿಂದ ಮರುದಿನದಿಂದಲೇ ಕೆಟ್ಟಿರುತ್ತದೆ. ಹಾಗೆಂದು ಒಪ್ಪಿಕೊಂಡ ಗಳಿಗೆಯಿಂದ ಇಡೀ ಕೋಲ್ಕತ್ತಾ ಅವನದು. ಈ ಊರಿನಲ್ಲಿ ಧರ್ಮದ ಮೇಲೆ ಭಿನ್ನಾಭಿಪ್ರಾಯ ಉಂಟು, ಫುಟ್ಬಾಲಿನ ಮೇಲೆ ಜಗಳವೇ ಉಂಟು. ಅಜೀರ್ಣದ ವಿಷಯದಲ್ಲಿ ಮಾತ್ರ ಎಲ್ಲರೂ ಬಂಧುಗಳು. ಒಬ್ಬರು ಇಸಬ್‌ಗೋಲ್ ಎನ್ನುತ್ತಾರೆ. ಇನ್ನೊಬ್ಬರು ಬಾಳೆಕಾಯಿ ಹಾಕಿದ ತೆಳ್ಳನೆಯ ಝೋಲ್ ಎನ್ನುತ್ತಾರೆ. ಮೂರನೆಯವರು ‘ಥಾನ್‌ಕುನಿ ಪಾತಾ’ ಎಂದು ಮನೆಗೆ ಓಡಿ, ನಮ್ಮ ಒಂದೆಲಗವನ್ನೇ ಹಿಡಿದು ತರುತ್ತಾರೆ.

ಹಿಂದಿನವರಿಗೂ ಇದು ತಪ್ಪಿದ್ದಲ್ಲ. ಈ ಬಗೆಯವರಿಗೆಲ್ಲ ಮೂಲಪುರುಷ, ಮಿಷನರಿ ವಿಲಿಯಂ ಕೇರಿ 1793ರ ನವೆಂಬರಿನಲ್ಲಿ ಇಲ್ಲಿ ಬಂದಿಳಿದ. ಕಂಪನಿ ಸರ್ಕಾರದ ಪರವಾನಗಿ ಇಲ್ಲ, ಬೇಗನೆ ಕೈಯೂ ಬರಿದಾಯಿತು, ಹೆಂಡತಿ ಮಕ್ಕಳಿಗೆ ಆಮಶಂಕೆ. ನೀಲಿ ಕಾರ್ಖಾನೆಯ ಮೇಲ್ವಿಚಾರಣೆ ಮಾಡಿ ಹೊಟ್ಟೆ ಹೊರೆದ. ಕೃಷ್ಣ ಪಾಲ್ ಎಂಬ ಬಡಗಿ ಮೊದಲ ದೀಕ್ಷಾಸ್ನಾನ ಪಡೆಯುವ ಹೊತ್ತಿಗೆ 1800ರ ಡಿಸೆಂಬರ್ ಕೊನೆ, ಅಂದರೆ ಏಳು ವರ್ಷ! ಮನುಷ್ಯ ಮತ್ತೆ ಇಂಗ್ಲೆಂಡಿನ ಮುಖ ನೋಡಲಿಲ್ಲ. 1817ರಲ್ಲಿ ಶ್ರೀರಾಮಪುರದಲ್ಲಿ ಕೂತು ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಅಚ್ಚು ಹಾಕಿದ. ನನಗೆ ಅವನ ಮೇಲೆ ಗೌರವವಿದೆ. ಊರಿಗೆ ಹೋಗಲು ರಜೆ ಕೇಳದವರ ಮೇಲೆ ಬ್ಯಾಂಕಿನವರಿಗೆಲ್ಲ ಇರುತ್ತದೆ.

ಗ್ಯಾಪಣ್ಣನಿಗೆ ಏಳು ವರ್ಷದ ವ್ಯವಧಾನವೆಲ್ಲಿ? ಬಂದ ವಾರದೊಳಗೇ ಊರಿಗೆ ಪ್ರಾರ್ಥನಾ ಪತ್ರ ಹೋಗಬೇಕು. ಕೇಕು ಕೊಂಡವರು ಕಾದಿರುತ್ತಾರೆ. ‘ಭಾರತ ನನ್ನನ್ನು ಒಳಗಿನಿಂದ ಬದಲಿಸುತ್ತಿದೆ’ ಎಂದು ಬರೆಯುತ್ತಾನೆ. ಸುಳ್ಳೇನಲ್ಲ.

ಗುರುವಾರ ಸೇವೆಗೆ ರಜೆ. ಈ ವರ್ಷದ ಗ್ಯಾಪಣ್ಣನನ್ನು ಊಟಕ್ಕೆ ಕರೆದೆವು.

‘ಪಾಪ ರೀ, ಹೊಟ್ಟೆ ಕೆಟ್ಟಿರೋ ಹುಡುಗ, ಬೇರೇನೂ ಬೇಡ’ ಎಂದು ನನ್ನವಳು ಮೊಸರನ್ನ ಕಲಸಿದಳು.

ಅವನು ಕಣ್ಣು ಮುಚ್ಚಿ ಕೃತಜ್ಞತೆಯ ಪ್ರಾರ್ಥನೆ ಹಿಡಿದ. ಅದರಲ್ಲಿ ನಾವಿದ್ದೆವು, ಮೊಸರಿತ್ತು, ಪಶ್ಚಿಮ ಬಂಗಾಳ ಸರ್ಕಾರವಿತ್ತು. ಕಣ್ಣು ಬಿಟ್ಟವನು ತಟ್ಟೆಯ ಅಂಚಿನಲ್ಲಿದ್ದ ಬಾಳಕದ ಮೆಣಸಿನಕಾಯನ್ನು ಚಿಪ್ಸಿನ ಜಾತಿಯೆಂದು ತಿಳಿದು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಆಗ ಅವನು ದೇವರನ್ನು ಕರೆದದ್ದು ಮೊದಲಿನದಕ್ಕಿಂತ ಎಷ್ಟೋ ಚಿಕ್ಕದಾಗಿತ್ತು, ಹತ್ತು ಪಟ್ಟು ಮನಃಪೂರ್ವಕವಾಗಿತ್ತು. ಕೇಳಿಸಿಕೊಂಡದ್ದು ಎದುರುಮನೆಯ ಮಾಶೀಮಾ. ಜೆಲುಸಿಲ್ ಬಾಟಲಿ ಹಿಡಿದು ಬಾಗಿಲು ಬಡಿಯುತ್ತಿದ್ದರು.