ಸರಾಸರಿಯ ಸುಖಿಗಳು

ಕೊಡಗಿನ ವಿರಾಜಪೇಟೆಯ ಆಚೆ, ಕಾಫಿ ತೋಟವೊಂದರ ಲೈನ್ ಮನೆಯ ಜಗಲಿಯಲ್ಲಿ, ರಾಜಧಾನಿಯಿಂದ ಸರ್ಕಾರಿ ಜೀಪಿನಲ್ಲಿ ಆಗಮಿಸಿದ ಅರ್ಥಶಾಸ್ತ್ರಜ್ಞರೊಬ್ಬರು, ಮೆಣಸಿನ ಬಳ್ಳಿ ಕಟ್ಟಿ ಆಗತಾನೆ ಮರಳಿದ್ದ ಎರವ ಆದಿವಾಸಿ ಮುದುಕನಿಗೆ ಅವನ ಐಶ್ವರ್ಯವನ್ನು ಅವನಿಗೇ ನಿರೂಪಿಸುವ ಘನಕಾರ್ಯದಲ್ಲಿ ತೊಡಗಿದ್ದರು.

"2002ರಲ್ಲಿ ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲೂಕುಗಳನ್ನು ತೂಗಿ 114 ಹಿಂದುಳಿದಿವೆಯೆಂದು ಸಾರಿತು, ಕೊಡಗಿನದೊಂದೂ ಆ ಪಟ್ಟಿಯಲ್ಲಿಲ್ಲ. ಆದಕಾರಣ ತಾವು ಮುಂದುವರಿದವರು."

"ಯಾವಾಗಿನಿಂದ, ಬುದ್ಧಿ? ಯಾರೂ ಹೇಳಲೇ ಇಲ್ಲವಲ್ಲ!"

"ಧಣಿಗಳ ವರಮಾನವನ್ನೂ ನಿಮ್ಮ ಕೂಲಿಯನ್ನೂ ಕೂಡಿಸಿ ಭಾಗಿಸಿದರೆ ಸರಾಸರಿಯೊಂದು ಲಭಿಸುವುದು."

"ಅದನ್ನು ಎಲ್ಲಿ ಹಂಚುತ್ತಾರೆ?"

"ಹಂಚುವುದಿಲ್ಲ, ಮುದ್ರಿಸುತ್ತಾರೆ."

ಮುದುಕನು ಸೋರುವ ಹೆಂಚಿನ ಕೆಳಗಿಟ್ಟಿದ್ದ ಪಾತ್ರೆಯನ್ನು ಗೋಡೆಯತ್ತ ಒಂದಿಷ್ಟು ಸರಿಸಿದನು.

"ನಮ್ಮ ಲೈನ್ ಮನೆಗಳಿಗೆ ನಲ್ಲಿ?"

"ಕಾವೇರಿಯನ್ನು ನೂರು ಕಿಲೋಮೀಟರು ನೂಕಿ, ಮೂರು ಹಂತಗಳಲ್ಲಿ ಮೇಲೇರಿಸಿ ಬೆಂಗಳೂರಿಗೆ ಕುಡಿಸುವುದರಲ್ಲಿಯೇ ಬೊಕ್ಕಸ ದಣಿದಿದೆ. ನಗರಕ್ಕೆ ಸುರಿದ ಹಣ ಕಾಲಕ್ರಮದಲ್ಲಿ ಹಳ್ಳಿಗೆ ಇಳಿಯುವುದೆಂಬುದು ಸಿದ್ಧಾಂತ."

"ಕಾವೇರಮ್ಮ ಹುಟ್ಟುವುದು ನಮ್ಮ ಬೆಟ್ಟದಲ್ಲೇ ಅಲ್ಲವೆ? ಇಳಿಯುವ ದಾರಿ ಅವಳಿಗೆ ಗೊತ್ತು, ದುಡ್ಡಿಗೆ ಗೊತ್ತಿಲ್ಲವೋ ಏನೋ."

(ಕೊಡಗಿಗೆ ಇಂದಿಗೂ ರೈಲಿಲ್ಲ, ಆ ದುಡ್ಡು ಹತ್ತಿ ಬರಲು ಬಸ್ಸೊಂದೇ ಗತಿ. 2016ರಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಲು ಮಾತ್ರ ಸರ್ಕಾರದ ವಾಹನಗಳಿಗೆ ದಾರಿ ಚೆನ್ನಾಗಿಯೇ ಸಿಕ್ಕಿತ್ತು.)

"ಹಾಗಾದರೆ ಹಿಂದುಳಿಯಲು ಯಾರಿಗೆ ಅರ್ಜಿ ಕೊಡಬೇಕು, ಬುದ್ಧಿ?"

"ಬೆಂಗಳೂರಿಗೆ. ಮೂರು ಪ್ರತಿಗಳಲ್ಲಿ, ಆದಾಯ ಪ್ರಮಾಣಪತ್ರ ಸಹಿತ."