ಎಂಬತ್ತೇಳರಲ್ಲಿ ಒಂದು ಸುಳ್ಳು

ಮಾದರಿ ರೈಲಿನ ಹಳಿ ಮಾಡುವವರಷ್ಟು ಸತ್ಯನಿಷ್ಠರು ಸಿಗುವುದು ಕಷ್ಟ. ಅವರಷ್ಟು ಲೆಕ್ಕಾಚಾರದ ಸುಳ್ಳರು ಸಿಗುವುದು ಇನ್ನೂ ಕಷ್ಟ. ಎಚ್‌ಓ ಅಳತೆಯಲ್ಲಿ ಎಲ್ಲವೂ ಮೂಲದ 87ನೇ ಒಂದು ಪಾಲು. ನಮ್ಮ ಮೆಟ್ರೊದ ಹಳಿಯಗಲ 1435 ಮಿ.ಮೀ.; 87ರಿಂದ ಭಾಗಿಸಿದರೆ 16.5. ಅಂಗಡಿಯ ಹಳಿಯೂ ಅಷ್ಟೇ ಅಗಲ. ಹರಿಶ್ಚಂದ್ರನ ಪಾತ್ರ ಇಲ್ಲಿಗೆ ಮುಗಿಯಿತು. ಮೆಟ್ರೊಗೆ 120 ಮೀಟರ್ ತ್ರಿಜ್ಯದ ತಿರುವೆಂದರೆ ಬಲು ಬಿಗಿ. ಅದನ್ನೇ ಕುಗ್ಗಿಸಿದರೂ ರೈಲು ತಿರುಗಿ ಬರಲು ಪೌಣೆ ಮೂರು ಮೀಟರ್ ಅಗಲದ ಮೇಜು ಬೇಕು. ಅಂಥ ಮೇಜು ಒಳಬಂದರೆ ಮನೆಯವರು ಹೊರಹೋಗಬೇಕಾಗುತ್ತದೆ. ಆದ್ದರಿಂದ 36 ಸೆಂ.ಮೀ. ತ್ರಿಜ್ಯದ ತಿರುವಿಗೇ ಶರಣು. ನಿಜದಲ್ಲಿ ಅದು 31 ಮೀಟರ್. ಟ್ರಾಮ್ ಹೇಗೋ ನುಸುಳೀತು, ಮೆಟ್ರೊ ನುಸುಳದು. ತೂಕದ ಕಥೆ ಇನ್ನೂ ಸೊಗಸು. ಉದ್ದ 87 ಪಾಲು ಇಳಿದರೆ ತೂಕ 6,58,503 ಪಾಲು ಇಳಿಯಬೇಕು. 40 ಟನ್ನಿನ ಬೋಗಿ ಆಗ ಕೋಳಿಮೊಟ್ಟೆಯಷ್ಟು ಹಗುರವಾಗಿ, ಹಳಿಯ ಮೊದಲ ಸಂದಿನಲ್ಲೇ ನೆಗೆದುಬೀಳುತ್ತದೆ. ಅದಕ್ಕೇ ಬೋಗಿಯ ಹೊಟ್ಟೆಗೆ ಸೀಸ ತುಂಬಿ ತೂಕವನ್ನು ಎರಡರಷ್ಟಕ್ಕೂ ಮೀರಿಸುತ್ತಾರೆ.

ಹಾಗಾದರೆ ಇದಕ್ಕೂ ಜಾತ್ರೆಯ ಆಟಿಕೆಗೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಈ ಪ್ರಶ್ನೆಯೇ ಒಂದು ಪಂಗಡವಾಯಿತು. ಅಲ್ಲಿನ ಓಓ ಮಾದರಿ 76ನೇ ಪಾಲಿನದಾದರೂ ಓಡುವುದು ಅದೇ 16.5ರ ಹಳಿಯ ಮೇಲೆ. ಅದನ್ನು ಸಹಿಸದವರು 18.83ರ ಹಳಿ ಹಾಕಿಕೊಂಡರು. ಗಾಲಿಯ ಅಂಚೂ ನಿಜದಷ್ಟೇ ತೆಳುವಾಯಿತು. ಆದರೆ ಗಾಲಿ ಹಳಿ ಬಿಡದಿರಲು ಅಚ್ಚುಗಳಿಗೆ ಸ್ಪ್ರಿಂಗ್ ಕೂರಿಸಬೇಕಾಯಿತು. ಸತ್ಯಕ್ಕೂ ಖರ್ಚಿದೆ. (ನಮ್ಮ ಬ್ರಾಡ್‌ಗೇಜ್ ಎಂಜಿನ್ನಿಗೆ ಸಲ್ಲಬೇಕಾದ್ದು 19.26, 16.5ರ ಮೇಲೆ ಓಡಿಸುವ ನಮ್ಮವರು ಆ ಅಂಕಿಯನ್ನು ಸದ್ದಿಲ್ಲದೆ ನುಂಗಿಕೊಂಡಿದ್ದಾರೆ.)

ತ್ರೀಡಿ ಪ್ರಿಂಟರ್ ಬಂದಮೇಲೆ ಈ ತಕರಾರೆಲ್ಲ ಯಾಕೆ ಎಂಬುದು ಹೊಸಬರ ವಾದ. ಪ್ರಿಂಟರ್ ಹೇಳಿದ್ದನ್ನು ಕೇಳುತ್ತದೆ, ಆದರೆ ಅದರ ಬಾಯಿ ಸಾಮಾನ್ಯವಾಗಿ 0.4 ಮಿ.ಮೀ. ಸ್ಲೀಪರಿನ 22 ಮಿ.ಮೀ. ಬೋಲ್ಟು ಕುಗ್ಗಿದರೆ 0.25, ಆ ಬಾಯಿಂದ ಅದು ಹೊರಡುವುದೇ ಇಲ್ಲ. ಬೋಲ್ಟನ್ನು ಉಬ್ಬಿಸಬೇಕು, ಇಲ್ಲವೇ ಕೈಬಿಡಬೇಕು. ನನ್ನ ಮತ ಉಬ್ಬಿಸುವುದರ ಕಡೆಗೆ. ನೋಡುವ ಕಣ್ಣು ಬೋಲ್ಟಿನ ದಪ್ಪ ಅಳೆಯುವುದಿಲ್ಲ, ಬೋಲ್ಟು ಇದೆಯೇ ಎಂದಷ್ಟೇ ಹುಡುಕುತ್ತದೆ. ಸ್ಲೀಪರುಗಳ ನಡುವಣ ಅಂತರ ಮಾತ್ರ ತಪ್ಪಿದರೆ ಥಟ್ಟನೆ ಹಿಡಿಯುತ್ತದೆ. ಗಾಲಿ ಮುಟ್ಟುವ ಕಡೆ ಗಾಲಿಯ ಮಾತು ಕೇಳಬೇಕು, ಉಳಿದೆಡೆ ಕಣ್ಣಿನ ಮಾತು. ಇವೆರಡರ ಹಂಗೂ ಇಲ್ಲದೆ ಅಳತೆಗೆ ನಿಷ್ಠವಾಗಿರಬಲ್ಲ ತುಂಡು ಮೆಟ್ರೊದ ಮೂರನೇ ಹಳಿ. ನಿಜದಲ್ಲಿ ಅದರಲ್ಲಿ 750 ವೋಲ್ಟ್ ಹರಿಯುತ್ತದೆ. ಮಾದರಿಯಲ್ಲಿ ಮೋಟರಿನ 12 ವೋಲ್ಟ್ ಗಾಲಿ ಓಡುವ ಹಳಿಗಳಿಂದಲೇ ಬರುವುದರಿಂದ ಇದು ಬರೀ ಪ್ಲಾಸ್ಟಿಕ್, ಪೂರ್ತಿ ನಿರುದ್ಯೋಗಿ. ಅದರ ಆಸರೆಗಳನ್ನು ಮಾತ್ರ ಕೊಂಚ ದಪ್ಪ ಮಾಡಿಕೊಳ್ಳುವುದು ಒಳ್ಳೆಯದು, ಧೂಳೊರೆಸುವ ಬಟ್ಟೆಗೆ ಅಳತೆಯ ಮೇಲೆ ಗೌರವವಿಲ್ಲ.