ಡಿಕ್ಕಿ ಮೀಮಾಂಸೆ: ಏಳು ಸೀಟಿನ ಗಾಡಿಯ ಹಿಂಬದಿಯ ಅಂತರ್‌ಶಿಸ್ತೀಯ ಅನುಸಂಧಾನಕ್ಕೊಂದು ಪ್ರವೇಶಿಕೆ

ಕುಟುಂಬದ ಅನನ್ಯತೆಯು ಗಾಡಿಯ ಮುಂಬದಿಯಲ್ಲಿ ಪ್ರದರ್ಶನಗೊಳ್ಳುತ್ತದೆ, ಹಿಂಬದಿಯಲ್ಲಿ ನಿರ್ವಚನಗೊಳ್ಳುತ್ತದೆ. ಮುಂದಿನ ಗಾಜಿನ ಮೇಲಿನ ಕುಲದೇವರ ಹೆಸರು, ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಡ್ಯಾಶ್‌ಬೋರ್ಡಿನ ಪುಟ್ಟ ಗಣಪ ಇವೆಲ್ಲ ಈಗಾಗಲೇ ಸಂಸ್ಕೃತಿ ಅಧ್ಯಯನದವರ ಕೈಗೆ ಸಿಕ್ಕು ನಜ್ಜುಗುಜ್ಜಾಗಿವೆ. ಮೂರನೇ ಸಾಲಿನ ಬೆನ್ನಿಗೂ ಹಿಂಬಾಗಿಲಿಗೂ ನಡುವಿನ ಆ ಮೊಳದಗಲದ ಅವಕಾಶ ಮಾತ್ರ ವಿಚಾರ ಸಂಕಿರಣಗಳ ಅಂಚಿನಲ್ಲೇ ಉಳಿದಿದೆ. ಅದನ್ನು ಕೇಂದ್ರಕ್ಕೆ ತಂದು, ಸಮಸ್ಯೀಕರಿಸಿ, ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳು. ಬಾಗೇಪಲ್ಲಿ, ಗುಡಿಬಂಡೆಗಳನ್ನು ಬಿಟ್ಟಿರುವುದಕ್ಕೆ ಸೈದ್ಧಾಂತಿಕ ಕಾರಣವೇನೂ ಇಲ್ಲ; ಸಂಶೋಧನೆಯ ವ್ಯಾಪ್ತಿ ಹೀಗೆ ನಿಗದಿಯಾಗುವುದು ನಮ್ಮಲ್ಲಿ ವಾಡಿಕೆ. ಡಿಕ್ಕಿಯಲ್ಲಿ ಸಾಮಾನು ಜೋಡಿಸುವುದಕ್ಕೆ ಇಷ್ಟು ಮಾತು ಬೇಕೇ ಎಂದು ಕೇಳುವವರು ವಿಧಾನಶಾಸ್ತ್ರದ ಅಧ್ಯಾಯವನ್ನು ಓದತಕ್ಕದ್ದು. ಆ ಅಧ್ಯಾಯವನ್ನು ಬರೆದಿಲ್ಲ.

ಶಾಸ್ತ್ರವೆಂದ ಮೇಲೆ ವರ್ಗೀಕರಣ ಬೇಕೇ ಬೇಕು. ಡಿಕ್ಕಿಗತ ವಸ್ತುಗಳು ಐದು ಬಗೆ. ಮೊದಲನೆಯದು ಸ್ಥಾವರ: ಜಾಕು, ಪಾನ, ಒಂದು ಚಾಪೆ, ಕಡ್ಡಿ ಮುರಿದ ಕೊಡೆ, ಯಾವುದೋ ಗೃಹಪ್ರವೇಶದಲ್ಲಿ ತಾಂಬೂಲದ ಜೊತೆ ಬಂದು ಅಲ್ಲೇ ಒಣಗಿ ಕೊಬ್ಬರಿಯಾದ ತೆಂಗಿನಕಾಯಿ. ಇವು ಗಾಡಿ ಮಾರಿದಾಗ ಮಾತ್ರ ಕೆಳಗಿಳಿಯುತ್ತವೆ. ಎರಡನೆಯದು ಜಂಗಮ, ಅಂದರೆ ಋತುಮಾನಕ್ಕೆ ತಕ್ಕಂತೆ ಬಂದುಹೋಗುವವು: ಡಿಸೆಂಬರ್ ಜನವರಿಯಲ್ಲಿ ಸೊಗಡು ಬಿಡುವ ಅವರೆಕಾಯಿ ಮೂಟೆ, ಬೇಸಿಗೆಯಲ್ಲಿ ಚಿಂತಾಮಣಿ ಕಡೆಯ ಮಾವು, ನಂದಿ ಸೀಮೆಯ ಕಪ್ಪು ದ್ರಾಕ್ಷಿ, ಗೌರಿಬಿದನೂರಿನ ಮುಸುಕಿನ ಜೋಳ, ವರ್ಷವಿಡೀ ರಾಗಿ. ಮೂರನೆಯದು ಸೂಕ್ಷ್ಮ, ಇದರಲ್ಲಿ ಬರುವುದು ರೇಷ್ಮೆಗೂಡು ಒಂದೇ. ಆಟೊ ಸಿಗದ ಬೆಳಗಿನ ಜಾವ ಗೂಡು ಮನೆಯ ಗಾಡಿಯಲ್ಲೇ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕಾದೀತು. ಅದರ ಮೇಲೆ ಭಾರ ಬಿದ್ದರೆ ಒಳಗಿನ ಹುಳು ಒಡೆದು ಗೂಡು ಕಲೆಯಾಗುತ್ತದೆ, ಕಲೆಯಾದ ಗೂಡಿಗೆ ಹರಾಜಿನಲ್ಲಿ ರೀಲರ್‌ಗಳು ಬೆಲೆ ಇಳಿಸುತ್ತಾರೆ. ಗಾಳಿಯಾಡದಿದ್ದರೂ ಕೆಡುತ್ತದೆ. ಆದ್ದರಿಂದ ಕೆಳಗೆ ರಾಗಿ, ನಡುವೆ ಟೊಮೆಟೊ ಕ್ರೇಟು, ಎಲ್ಲದರ ಮೇಲೆ ಗೂಡು. ಇದು ನಾಲ್ಕೂ ತಾಲ್ಲೂಕಿನ ಮಕ್ಕಳಿಗೆ ಗೊತ್ತಿರುವ ವಿಷಯ. ಪ್ರಬಂಧದ ಘನತೆಗಾಗಿ ಇದನ್ನು ಊರ್ಧ್ವಕ್ರಮಾನುಗತ ಭಾರವಿತರಣಾ ನ್ಯಾಯ ಎಂದು ಕರೆಯೋಣ. ನಾಲ್ಕನೆಯದು ಪಾರಮಾರ್ಥಿಕ: ಮದನಪಲ್ಲಿಯ ಮೇಲೆ ತಿರುಪತಿಗೆ ಹೋಗುವಾಗಿನ ಪುಳಿಯೋಗರೆ ಡಬ್ಬಿ, ಕಂಬಳಿ, ಬರುವಾಗಿನ ಲಡ್ಡು. ಐದನೆಯದನ್ನು ಹೇಳುವ ಮುನ್ನ ಒಂದು ತೊಡಕು ಎದುರಾಗುತ್ತದೆ. ಈ ನಾಲ್ಕು ವರ್ಗಗಳಲ್ಲಿ ಯಾವುದಕ್ಕೂ ಸೇರದೆ, ಎಲ್ಲಕ್ಕಿಂತ ಮೊದಲು ಜಾಗ ಹಿಡಿದು ಕೂತ ವಸ್ತುವೊಂದು ಅಲ್ಲಿದೆ. ಅದು ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಅದನ್ನು ಕಂಡ ಮೇಲೆ ಐದನೇ ವರ್ಗದ ಅಗತ್ಯ ಬೀಳಲಿಲ್ಲ; ಮೊದಲ ನಾಲ್ಕರದೂ ಅಷ್ಟೇನಿಲ್ಲ.

ಪ್ರಬಂಧದ ವಾದವಿಷ್ಟೇ. ಕಾರು ಕಂಪನಿಗಳು ಜಗತ್ತಿನ ಬಹುತೇಕ ಕಡೆ ಡಿಕ್ಕಿಯ ಅಳತೆಯನ್ನು ಲೀಟರಿನಲ್ಲಿ ಹೇಳುತ್ತವೆ. ಬೇರೆ ಕಡೆ ಅದು ಅಳತೆಗೊಂದು ಒಪ್ಪಂದ. ಲೀಟರೆಂದರೂ ಕೊಳ್ಳುವವನು ಸೂಟ್‌ಕೇಸನ್ನೇ ನೆನೆಯುತ್ತಾನೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮಾತ್ರ ಆ ಲೀಟರಿಗೆ ನೇರವಾಗಿ ನೀರೆಂದೇ ಅರ್ಥ. ಮೂರೂ ಸಾಲು ನೆಟ್ಟಗಿರುವಾಗ ಏಳು ಸೀಟಿನ ಎರ್ಟಿಗಾದ ಡಿಕ್ಕಿ 209 ಲೀಟರ್. ಇಪ್ಪತ್ತರಿಂದ ಭಾಗಿಸಿದರೆ ಹತ್ತು ಕ್ಯಾನು, ಶೇಷ ಒಂಬತ್ತು. ಕ್ಯಾನು ದುಂಡಗಿರುವುದರಿಂದ, ಸಂದು ಬಿಟ್ಟುಹೋಗಿ, ಅದರ ಅರ್ಧ ಕೂತರೆ ಹೆಚ್ಚು. ಐದು ಕ್ಯಾನೆಂದರೆ ನೂರು ಕೆಜಿ ನೀರು ಹಿಂದಿನ ಚಕ್ರದಿಂದಾಚೆಗೆ ಬಿತ್ತು. ಗಾಡಿಯ ಹಿಂಬದಿ ಕುಸಿದು ಹೆಡ್‌ಲೈಟು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಈಗ ಇನ್ನೊಂದು ಲೆಕ್ಕ. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕೆನ್ನುತ್ತದೆ. ಏಳು ಸೀಟಿಗೆ ಏಳು ತಲೆ, 385 ಲೀಟರ್. ವಾಹನ ವಿನ್ಯಾಸಕಾರರೂ ಜಲಶಕ್ತಿ ಸಚಿವಾಲಯದವರೂ ಒಮ್ಮೆ ಕೂತು ಮಾತಾಡಿದ್ದರೆ ಡಿಕ್ಕಿಯನ್ನು ಇನ್ನಷ್ಟು ಉದ್ದ ಮಾಡಬಹುದಿತ್ತು.

ಪೂರ್ವಪಕ್ಷದ ಮೊದಲ ಆಕ್ಷೇಪ: ಮೂರನೇ ಸಾಲನ್ನು ಮಡಚಿದರಾಯಿತು, ಜಾಗ ತಾನೇ ಸಿಗುತ್ತದೆ. ಸಿಗುತ್ತದೆ, ನಿಜ, ಆ ಸಾಲಿನಲ್ಲಿ ಕೂತ ಅಜ್ಜಿಯನ್ನೂ ಇಬ್ಬರು ಮಕ್ಕಳನ್ನೂ ಎಲ್ಲಿ ಮಡಚಿಡುವುದೆಂದು ಆಕ್ಷೇಪಕರು ಹೇಳುವುದಿಲ್ಲ. ಎರಡನೆಯದು, ಮೇಲೆ ಕ್ಯಾರಿಯರ್ ಹಾಕಿಸಿ. ಮೂಟೆಗೆ ಸರಿ, ನೀರಿಗೆ ಕೂಡದು; ನೆತ್ತಿಯ ಮೇಲೆ ತುಳುಕುವ ಭಾರ ಹೊತ್ತ ಗಾಡಿ ನಂದಿಬೆಟ್ಟದ ತಿರುವುಗಳಲ್ಲಿ ಹೇಗೆ ವಾಲುತ್ತದೆಂಬುದನ್ನು ಶಾಸ್ತ್ರ ಕಲಿಯದವರೂ ಊಹಿಸಬಲ್ಲರು. ಆನ್‌ಲೈನಿನಲ್ಲಿ ಸಿಗುವ ಖಾನೆ ಖಾನೆಯ ಮಡಚುಚೀಲದ ಬಗ್ಗೆ ಮಾತೇ ಬೇಡ, ಒಂದು ಮೂಟೆ ಅವರೆಕಾಯಿಯೆದುರು ಅದು ನಿಲ್ಲದು. ಗಂಭೀರವಾದ ಆಕ್ಷೇಪ ಒಂದೇ: ಮನೆಮನೆಗೆ ನಲ್ಲಿ ಬಂದಿದೆಯಲ್ಲ, ಕ್ಯಾನು ಬರೀ ಅಭ್ಯಾಸಬಲವಲ್ಲವೇ? ಉತ್ತರ ನಲ್ಲಿಯಲ್ಲಿಲ್ಲ, ಅದರ ಬೇರಿನಲ್ಲಿದೆ. ಹೆಚ್ಚಿನ ಕಡೆ ಆ ಬೇರು ಸಾವಿರ ಅಡಿ ದಾಟಿದ ಕೊಳವೆಬಾವಿ. ಆಳಕ್ಕೆ ಹೋದಷ್ಟೂ ಬಂಡೆಯ ಫ್ಲೋರೈಡು ನೀರಿಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಮಾನದಂಡ. ಮೀರಿದ್ದನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ಹಾಗಾಗಿ ನಲ್ಲಿ ನೀರು ಪಾತ್ರೆಗೆ, ಬಟ್ಟೆಗೆ. ಕುಡಿಯಲು ಶುದ್ಧ ನೀರಿನ ಘಟಕದ ಮುಂದೆ ಐದರ ನಾಣ್ಯ ಹಿಡಿದು ಸಾಲು. ಸೈಕಲ್ಲಿದ್ದವನು ಸೈಕಲ್ಲಿಗೆ, ಮೊಪೆಡ್ಡಿದ್ದವನು ಮೊಪೆಡ್ಡಿಗೆ ಕ್ಯಾನು ಕಟ್ಟುತ್ತಾನೆ. ಏಳು ಸೀಟಿನ ಗಾಡಿಯವನು ಡಿಕ್ಕಿ ತೆಗೆಯುತ್ತಾನೆ. ಸಾಲು ಒಂದೇ. ನಾಣ್ಯವೇ ಇಲ್ಲದವರು ನಲ್ಲಿಯ ನೀರನ್ನೇ ಕುಡಿಯುತ್ತಾರೆ. ಡಿಕ್ಕಿಯೂ ಇಲ್ಲದ ಕಾರಣ ಅವರು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಅನನ್ಯತೆ, ನಿರ್ವಚನಗಳನ್ನು ಇಲ್ಲಿಗೆ ಬದಿಗಿಡಬಹುದು. ಬೆಂಗಳೂರಿನಲ್ಲಿ ನೆಲೆಸಿದ ಕುಟುಂಬವೊಂದು ಭಾನುವಾರ ಶಿಡ್ಲಘಟ್ಟದ ಕಡೆಯ ತನ್ನ ಹಳ್ಳಿಗೆ ಹೊರಟರೆ ಡಿಕ್ಕಿಯಲ್ಲಿ ಕುಡಿಯುವ ನೀರು ಹೋಗುತ್ತದೆ, ಸಂಜೆ ಸೊಪ್ಪು, ಟೊಮೆಟೊ, ರಾಗಿ ಬರುತ್ತವೆ. ಅದೇ ಹೊತ್ತಿಗೆ, ಅದೇ ದಿಕ್ಕಿಗೆ, ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಯ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಪೈಪಿನಲ್ಲಿ ಈ ಜಿಲ್ಲೆಯ ಕೆರೆಗಳಿಗೆ ಹರಿಯುತ್ತದೆ. ನಗರ ತೊಳೆದುಬಿಟ್ಟ ನೀರಿಗೆ ಸರ್ಕಾರದ ಪೈಪು. ಕುಡಿಯುವ ನೀರಿಗೆ ಮನೆಯವರ ಡೀಸೆಲು. ಆ ನೀರಿನಿಂದ ಕೆರೆ ತುಂಬಿತು, ಅಂತರ್ಜಲ ಏರಿತು ಎನ್ನುವವರಿದ್ದಾರೆ, ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಬೀದಿಗಿಳಿದವರೂ ಇದೇ ಜಿಲ್ಲೆಯವರು, ಅದು ಅತಿಯಾಸೆಯೇನಲ್ಲ.

ಹಾಗೆಂದು ಇದು ಹೊಳೆ ಕಾಣದ ಸೀಮೆಯಲ್ಲ. ನಂದಿಯ ಬೆಟ್ಟಸಾಲಿನ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ. ಒಂದು ಆಂಧ್ರದ ಕಡೆಗೆ, ಒಂದು ತಮಿಳುನಾಡಿಗೆ, ಮತ್ತೊಂದು ಕಾವೇರಿಗೆ. ಅವುಗಳ ಪಾತ್ರದ ಮರಳನ್ನು ಲಾರಿಗೆ ತುಂಬಿ ಕಳಿಸಿ, ರಾಜಕಾಲುವೆ ಒತ್ತಿ, ಗುಡ್ಡಕ್ಕೆಲ್ಲ ನೀಲಗಿರಿ ನೆಟ್ಟದ್ದರಲ್ಲಿ ಊರವರ ಪಾಲೂ ಇದೆ, ಅಧಿಕಾರಿಗಳ ಪಾಲೂ ಇದೆ. ನೀರಾವರಿಗೆ ನಾಡೆಲ್ಲ ನೆನೆಯುವ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಚಿಕ್ಕಬಳ್ಳಾಪುರ ತಾಲ್ಲೂಕಿನದೇ. ಅವರು ಹುಟ್ಟಿದ ದಿನವೆಂದು ಪ್ರತಿ ಸೆಪ್ಟೆಂಬರ್ 15ರಂದು ಅಲ್ಲಿ ಹಾರ ಬೀಳುತ್ತದೆ. ಬಯಲುಸೀಮೆಗೆ ನೀರು ತರುವ ದಾರಿ ಸೂಚಿಸಿದ ಪರಮಶಿವಯ್ಯ ವರದಿಯ ಹೆಸರು ಹೇಳಿ ಎಷ್ಟು ಚುನಾವಣೆಗಳು ನಡೆದವು! ಪಶ್ಚಿಮಘಟ್ಟದ ನೀರನ್ನು ಇತ್ತ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚಿನಲ್ಲಿ ಅಡಿಗಲ್ಲು ಬಿದ್ದದ್ದು ಚಿಕ್ಕಬಳ್ಳಾಪುರದಲ್ಲಿ, ಮೊದಲ ಹಂತದ ಪಂಪು ತಿರುಗಿದ್ದು 2024ರ ಗೌರಿ ಹಬ್ಬದ ದಿನ, ಸಕಲೇಶಪುರದಲ್ಲಿ. ಹನ್ನೆರಡು ಸಾವಿರದ ಒಂಬೈನೂರು ಕೋಟಿಯೆಂದಿದ್ದ ಅಂದಾಜು ಆ ಹೊತ್ತಿಗೆ ಇಪ್ಪತ್ತಮೂರು ಸಾವಿರ ಕೋಟಿ ದಾಟಿತ್ತು. ಪಶ್ಚಿಮಘಟ್ಟದ ಕಾಡು ಕಡಿದದ್ದು ಲೆಕ್ಕದಲ್ಲಿಲ್ಲ. ಆ ಯೋಜನಾ ವರದಿಗಳ ಭಾಷೆಯನ್ನು ಓದಿದವರಿಗೆ ಮೇಲಿನ ಊರ್ಧ್ವಕ್ರಮಾನುಗತ ನ್ಯಾಯ ತೀರಾ ಸರಳವೆನಿಸೀತು. 24.01 ಟಿಎಂಸಿ ಎಂದು ದಶಾಂಶದ ಎರಡು ಸ್ಥಾನದವರೆಗೆ ಬರೆದವರಿಗೆ, ಆ .01 ಎಂಬುದು ಎಷ್ಟು ಕೋಟಿ ಕ್ಯಾನೆಂದು ಕೂಡಿಸಿ ನೋಡುವ ವ್ಯವಧಾನವಿರಲಿಲ್ಲ. ಒಂದು ಟಿಎಂಸಿ ಸುಮಾರು 2,830 ಕೋಟಿ ಲೀಟರ್. ಅದರ ನೂರನೇ ಒಂದು ಪಾಲೆಂದರೆ ಹೆಚ್ಚುಕಡಿಮೆ ಒಂದು ಕೋಟಿ ನಲವತ್ತು ಲಕ್ಷ ಕ್ಯಾನು. ಆ ದಶಾಂಶದ ಬಾಲವೊಂದೇ ಬಂದಿದ್ದರೂ ಸಾಕಿತ್ತು.

ಪ್ರಬಂಧವೆಂದ ಮೇಲೆ ಶಿಫಾರಸು ಇರಬೇಕೆಂಬುದು ಕೊನೆಯ ಆಕ್ಷೇಪ. ಕ್ಯಾನನ್ನು ಮಲಗಿಸಬಾರದು, ಮುಚ್ಚಳ ಎಷ್ಟು ಬಿಗಿಯಿದ್ದರೂ ಒಸರುತ್ತದೆ. ಸೀಟಿನ ಬೆನ್ನಿಗೆ ಒತ್ತಿ ನಿಲ್ಲಿಸಿ, ಸಂದಿಗೆ ಗೋಣಿತಾಟು ತುರುಕಬೇಕು. ಗೊಬ್ಬರ, ಔಷಧಿಯ ಡಬ್ಬಿಗಳನ್ನು ಅದರ ಜೊತೆ ಇಡಲೇಕೂಡದು. ಇನ್ನೋವಾ ತಯಾರಾಗುವುದು ದೂರವೇನಲ್ಲ, ಬಿಡದಿಯಲ್ಲಿ. ಡಿಕ್ಕಿಯ ತಳದಲ್ಲಿ ಕ್ಯಾನು ಕೂರುವಂತೆ ದುಂಡನೆಯ ನಾಲ್ಕು ಗುಳಿ ಮಾಡಿಕೊಡಿ ಎಂದು ಅಲ್ಲಿಯ ಎಂಜಿನಿಯರುಗಳನ್ನು ಕೇಳಿದರೆ ಕಷ್ಟವಾಗಲಾರದು. ಆದರೆ ಆ ಶಿಫಾರಸನ್ನು ಬೇಕೆಂದೇ ಕೈಬಿಡಲಾಗಿದೆ. ಗುಳಿ ಮಾಡಿದ ಮೇಲೆ ಕ್ಯಾನು ಅಲ್ಲಿಂದ ಏಳುವುದಿಲ್ಲ, ಜನ ಒಗ್ಗಿಕೊಂಡಿದ್ದಾರೆಂದು ಮುಂದಿನ ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಕುಡಿಯುವ ನೀರು ನಲ್ಲಿಗೇ ಬರುವವರೆಗೆ ಕ್ಯಾನು ತಿರುವು ತಿರುವಿಗೂ ಉರುಳಲಿ, ಹಿಂದಿನ ಸೀಟಿನವರ ಬೆನ್ನಿಗೆ ಬಡಿಯಲಿ.